ಹಾಲಿನಲ್ಲಿ ಮಾಣಿಕ್ಯದ ಪರೀಕ್ಷೆ ಆಗುವುದಿಲ್ಲ

ಹೊಲದಲ್ಲೋ ಹಳ್ಳದ ಮರಳಿನಲ್ಲೋ ಸಿಕ್ಕ ಕೆಂಪು ಕಲ್ಲನ್ನು ಹಾಲಿಗೆ ಹಾಕಿದಾಗ ಹಾಲು ಕೆಂಪೇರಿದರೆ, ಇಲ್ಲವೇ ಆ ಕಲ್ಲು ಗಾಜನ್ನು ಗೀರಿದರೆ, ಅದು ಮಾಣಿಕ್ಯವೇ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಎರಡೂ ಪರೀಕ್ಷೆಗಳಿಂದ ಮಾಣಿಕ್ಯವನ್ನು ಗುರುತಿಸಲಾಗದು.

ಮಾಣಿಕ್ಯದ ಕೆಂಪು ಹರಳಿನ ರಚನೆಯೊಳಗೇ ಸೇರಿರುವ ಅತ್ಯಲ್ಪ ಕ್ರೋಮಿಯಂನಿಂದ ಬರುವುದರಿಂದ ಅದು ಹಾಲಿಗೆ ಇಳಿಯುವುದಿಲ್ಲ. ಇಳಿದರೆ ಕಲ್ಲಿಗೆ ಬಣ್ಣ ಹಾಕಿರಬಹುದೆಂದು ಶಂಕಿಸಬೇಕು. ಅಂಕಿ ಹೆಚ್ಚಿದಷ್ಟೂ ಕಲ್ಲು ಗಡಸು ಎಂದು ತೋರಿಸುವ ಮೋಸ್ ಮಾಪನದಲ್ಲಿ ಗಾಜಿನ ಗಡಸುತನ ಸುಮಾರು 5.5. ಕೆಂಪು ಛಾಯೆಯ ಬೇರೆ ಕಲ್ಲುಗಳಾದ ಗುಲಾಬಿ ಸ್ಫಟಿಕದ್ದು 7, ಗಾರ್ನೆಟ್‌ನದು 6.5ರಿಂದ 7.5, ಸ್ಪಿನೆಲ್‌ನದು 8; ಮಾಣಿಕ್ಯದ್ದು 9. ಇವೆಲ್ಲವೂ ಗಾಜನ್ನು ಗೀರುತ್ತವೆ.

ಮೈಸೂರು ಸೀಮೆಯಲ್ಲಿ ಮಾಣಿಕ್ಯದ ಜಾತಿಗೆ ಸೇರಿದ ಕುರುಂದದ ಕಲ್ಲು ಸಿಗುವುದು ನಿಜವಾದ್ದರಿಂದ ಆಸೆ ಹುಟ್ಟುವುದು ಸಹಜ. ಮೊದಲು ಆಕಾರವನ್ನು ನೋಡಿ: ಸವೆಯದ ಕುರುಂದ ಆರು ಬದಿಗಳ ಪೀಪಾಯಿಯಂತಿರುತ್ತದೆ, ಗಾರ್ನೆಟ್ ಹಲವು ಮುಖಗಳ ಉಂಡೆಯಂತೆ. ಅನಂತರ ಕಲ್ಲನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಅದೇ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿದಾಗ ತೂಕ ಎಷ್ಟು ಏರಿತೆಂದು ಬರೆದುಕೊಳ್ಳಿ. ಮೊದಲ ತೂಕವನ್ನು ಈ ಏರಿಕೆಯಿಂದ ಭಾಗಿಸಿದರೆ ಕುರುಂದಕ್ಕೆ ಸುಮಾರು 4, ಸ್ಪಿನೆಲ್‌ಗೆ 3.6, ಸ್ಫಟಿಕಕ್ಕೆ 2.65 ಬರುತ್ತದೆ. ಕೆಲವು ಗಾರ್ನೆಟ್‌ಗಳೂ 4ರ ಆಸುಪಾಸಿನಲ್ಲೇ ಇರುವುದರಿಂದ, ಆ ಅಂಕಿ ಬಂದಾಗ ರತ್ನಪರೀಕ್ಷಾ ಪ್ರಯೋಗಾಲಯದಲ್ಲಿ ವಕ್ರೀಭವನವನ್ನು, ಅಂದರೆ ಕಲ್ಲಿನೊಳಗೆ ಬೆಳಕು ಬಾಗುವ ಪ್ರಮಾಣವನ್ನು, ಅಳೆಸಬೇಕು. ಮಾಣಿಕ್ಯ ಬೆಳಕನ್ನು ಎರಡಾಗಿ ಒಡೆಯುತ್ತದೆ, ಗಾರ್ನೆಟ್ ಒಡೆಯುವುದಿಲ್ಲ.

ಬರಿಗಣ್ಣಿಗೆ ಮೋಸಹೋಗುವುದು ಹೊಸತಲ್ಲ. ಬ್ರಿಟನ್ನಿನ ರಾಜಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಶತಮಾನಗಳ ಕಾಲ ಮಾಣಿಕ್ಯವೆನಿಸಿಕೊಂಡಿತ್ತು, ಅದು ಸ್ಪಿನೆಲ್.