ಮೈ ಸಡಿಲ ಬಿಡು

ದಡದ ಮೇಲೆ ನಿಂತವರಿಗೆ ನೀರಿನಲ್ಲಿರುವವರನ್ನು ತಿದ್ದುವ ಅಧಿಕಾರ ಯಾರು ಕೊಟ್ಟರೋ! ಗೆಳೆಯನ ಕನೂ ಎಂಬ ಸಣ್ಣ ದೋಣಿಯಲ್ಲಿ ಒಂದು ಕಾಲಿಟ್ಟು, ಇನ್ನೊಂದನ್ನು ಎಲ್ಲಿಡಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಶುರು ಮಾಡಿದ. "ಬಿಗಿಯಾಗ್ಬೇಡ ಮಾರಾಯ. ಮೈ ಸಡಿಲ ಬಿಡು."

ಈ ಮಾತು ಕೇಳಿ ಮೈ ಸಡಿಲವಾದ ಒಬ್ಬನನ್ನೂ ನಾನು ಕಂಡಿಲ್ಲ. ಸೂಜಿ ಹಿಡಿದ ನರ್ಸ್ ಹೇಳಿದರೂ ಅಷ್ಟೆ, ಹಲ್ಲಿನ ಡಾಕ್ಟರ್ ಹೇಳಿದರೂ ಅಷ್ಟೆ.

ಕನೂ ನನಗೇನೂ ಹೊಸದಲ್ಲ. ಆದರೆ ನನ್ನದು ಅಗಲವಾದದ್ದು, ತಳ ಚಪ್ಪಟೆ. ಅದರಲ್ಲಿ ಕೂತರೆ ಜಗಲಿಯ ಮೇಲೆ ಕೂತ ಹಾಗೆ. ಇವನದು ಕಿರಿದು, ತಳವೂ ಕೊಂಚ ದುಂಡಗೆ. ಉಸಿರೆಳೆದರೆ ಎಡಕ್ಕೆ, ಬಿಟ್ಟರೆ ಬಲಕ್ಕೆ. ಮೂಗು ತುರಿಸುತ್ತಿತ್ತು. ಕೈ ಎತ್ತುವ ಧೈರ್ಯ ಬರಲಿಲ್ಲ.

"ಇದು ಮೊದಲು ನಡುಗುತ್ತೆ, ಆದ್ರೆ ವಾಲಿಸಿದ್ರೆ ತಡ್ಕೊಳ್ಳುತ್ತೆ. ನಿನ್ನದು ಅಲ್ಲಾಡೋದೇ ಇಲ್ಲ, ವಾಲಿದ್ರೆ ಮಾತ್ರ ಹೇಳದೆ ಕೇಳದೆ ಮಗುಚುತ್ತೆ" ಎಂದ. ಮಾತು ನಿಜ. ಪಕ್ಕಗಳು ಮೇಲಕ್ಕೆ ಹೋಗುತ್ತಾ ಅಗಲವಾಗಿದ್ದರೆ, ವಾಲಿದಾಗ ನೀರಿಗೆ ಆನಿಕೊಳ್ಳಲು ಜಾಸ್ತಿ ಮೈ ಸಿಗುತ್ತದೆ. ಅದು ನನಗೂ ಗೊತ್ತು. ಗೊತ್ತಿರುವುದನ್ನು ಇನ್ನೊಬ್ಬರಿಂದ ಕೇಳಬೇಕಲ್ಲ, ಅದೇ ಸಿಟ್ಟು.

ಆಗ ನೆನಪಾದದ್ದು ಪೆಸ್ಸೆಯ ದೋಣಿ. 1955ರಲ್ಲಿ ನೆದರ್ಲೆಂಡ್ಸ್‌ನ ಪೆಸ್ಸೆ ಎಂಬ ಹಳ್ಳಿಯ ಹತ್ತಿರ ಹೆದ್ದಾರಿಗೆಂದು ನೆಲ ಅಗೆಯುವಾಗ ಸಿಕ್ಕಿದ್ದು. ಒಳಗೆ ಕೊರೆದ ಪೈನ್ ಮರದ ದಿಮ್ಮಿ, ವಯಸ್ಸು ಸುಮಾರು 10,000 ವರ್ಷ. ಸಿಕ್ಕಿರುವ ದೋಣಿಗಳಲ್ಲೆಲ್ಲ ಇದೇ ಹಿರಿಯಜ್ಜ ಅಂತಾರೆ. ಉದ್ದ ಸುಮಾರು 3 ಮೀಟರ್. ಅಗಲ 44 ಸೆಂಟಿಮೀಟರ್. ಬರೀ ನಲವತ್ನಾಲ್ಕು! ಅದನ್ನು ಓದಿದ ದಿನ ನಾನು ಅಳತೆ ಟೇಪ್ ತಂದು, ಕುರ್ಚಿಯಲ್ಲಿ ಕೂತು, ನನ್ನನ್ನೇ ಅಳೆದುಕೊಂಡೆ. ಬಂದ ಅಂಕಿಯನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಅಳೆದೆ. ಅಷ್ಟೇ ಇತ್ತು.

ಇದು ದೋಣಿಯೇ ಅಲ್ಲ, ದನಕ್ಕೆ ಮೇವು ಹಾಕುವ ತೊಟ್ಟಿ ಇರಬೇಕು ಎಂದು ವಾದಿಸಿದವರೂ ಇದ್ದರು. ನನಗೆ ಅವರ ಮೇಲೆ ಪ್ರೀತಿ. ಖಂಡಿತ ಅವರೂ ಅಳೆದುಕೊಂಡಿರಬೇಕು. ಕೊನೆಗೆ 2001ರಲ್ಲಿ ಅದರ ಹಾಗೆಯೇ ಇನ್ನೊಂದನ್ನು ಕೊರೆದು ನೀರಿಗಿಳಿಸಿದರು. ಒಬ್ಬರು ಹತ್ತಿ ಕೂತು ಹುಟ್ಟು ಹಾಕಿದರು. ತೇಲಿತು, ಸಾಗಿತು, ತೊಟ್ಟಿಯವರು ಸೋತರು. ಸರಿ, ಆದರೆ ಹತ್ತಿ ಕೂತ ಆ ಪುಣ್ಯಾತ್ಮನ ಸೊಂಟ ಮೊದಲ ಐದು ನಿಮಿಷ ಏನೆಂದಿತು? ಅದನ್ನಲ್ವಾ ಬರೆದಿಡಬೇಕಾದದ್ದು! 10,000 ವರ್ಷದ ಹಿಂದೆಯೂ ಯಾವನೋ ಒಬ್ಬ ಆ ದಿಮ್ಮಿಯಲ್ಲಿ ಹೆದರಿ ಕೂತಿದ್ದಾನೆ, ಇನ್ನೊಬ್ಬ ದಡದಲ್ಲಿ ಕೈಕಟ್ಟಿ ನಿಂತಿದ್ದಾನೆ. ಏನು ಹೇಳುತ್ತಿದ್ದಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಸೀಟು ಬಿಟ್ಟು ಮಂಡಿಯೂರಿದೆ. ಭಾರ ಕೆಳಗಿಳಿದ ಕೂಡಲೇ ಅರ್ಧ ನಡುಕ ಹೋಯಿತು. ನೀರನ್ನು ದಿಟ್ಟಿಸುವುದು ಬಿಟ್ಟು ಆಚೆ ದಡದ ಒಂದು ಮರ ನೋಡಿದೆ. ಸೊಂಟವನ್ನು ದೋಣಿಗೆ ಬಿಟ್ಟುಕೊಟ್ಟು ತಲೆಯನ್ನು ಮಾತ್ರ ನನ್ನ ಬಳಿ ಇಟ್ಟುಕೊಂಡೆ. ಇದನ್ನೇ 'ಸಡಿಲ ಬಿಡೋದು' ಅನ್ನುತ್ತಾರೆ ಅಂತ ಯಾರೂ ನನಗೆ ಹೇಳಬೇಕಾಗಿಲ್ಲ.

ಎಷ್ಟು ಹೊತ್ತಾಯಿತೋ, ನೋಡಿದರೆ ನಾನು ಮೂಗು ತುರಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಹುಟ್ಟಿನ ಸದ್ದು. ಗೆಳೆಯ ನನ್ನ ಹಳೆಯ ಕನೂ ಹತ್ತಿಕೊಂಡು ಬರುತ್ತಿದ್ದ. "ನಿಂದು ಬಿಡಪ್ಪ, ಮಂಚ ಇದ್ದ ಹಾಗಿದೆ" ಎಂದು ನಗುತ್ತಾ, ತಿರುಗಿಸಲೆಂದು ತನ್ನ ಕನೂವಿನಲ್ಲಿ ವಾಲುವ ಹಾಗೆಯೇ ಧಾರಾಳವಾಗಿ ಅಂಚಿನ ಕಡೆ ವಾಲಿದ.

ನಾನು ಯಾವ ಸಲಹೆಯನ್ನೂ ಕೊಡಲಿಲ್ಲ.