ಲಕುಮಿ ಪೆಟ್ಟಿಗೆ

"ಲೇಸರಾ?"

ಮುಂಬಯಿ ಪಕ್ಕದ ಡೊಂಬಿವಲಿಯ ಅತ್ತೆ ಮನೆಯಲ್ಲಿ ನೆಂಟರೊಬ್ಬರು ನಾನು ಕೆತ್ತಿದ ಮರದ ಪೆಟ್ಟಿಗೆ ತಿರುಗಿಸಿ ನೋಡುತ್ತಾ ಕೇಳಿದರು. ನಾನು ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ. ಮುಚ್ಚಳದ ಮೇಲಿನ ಆರೆಸಳಿನ ಹೂವು ನನ್ನ ಮೂರು ಭಾನುವಾರ ತಿಂದಿತ್ತು. ಕೈವಾರದಲ್ಲಿ ಗೆರೆ ಎಳೆದು, ಎಸಳಿನ ಎರಡೂ ಕಡೆಯಿಂದ ಚಾಕುವನ್ನು ಓರೆಯಾಗಿ ಇಳಿಸಬೇಕು. ಎರಡು ಗೀರೂ ತಳದಲ್ಲಿ ಕೂಡಿದರೆ ಚಕ್ಕೆ ತಾನಾಗಿ ಎದ್ದು ಬರುತ್ತದೆ. ಕೂದಲೆಳೆಯಷ್ಟು ಕಮ್ಮಿಯಾದರೂ ಬರುವುದಿಲ್ಲ. ಉಗುರು ಹಾಕಿ ಕಿತ್ತರೆ ಪಕ್ಕದ ಎಸಳನ್ನೂ ಕರೆದುಕೊಂಡು ಬರುತ್ತದೆ. ಮರ ಕೆತ್ತುವ ಲೇಸರ್ ಯಂತ್ರಕ್ಕೆ ಈ ಸಂಕಟ ಇಲ್ಲ, ಅಲ್ವಾ?

ನಾನು ಈ ಹವ್ಯಾಸ ಹಿಡಿದದ್ದೇ ಸದ್ದಿಲ್ಲ ಅನ್ನುವ ಕಾರಣಕ್ಕೆ. ಸುತ್ತಿಗೆ ಬೇಡ, ಉಳಿ ಬೇಡ, ಗಿಡ್ಡ ಚಾಕು ಸಾಕು. ಮಾಟುಂಗದ ನಮ್ಮ ಕೆಳಗಿನ ಮನೆಯವರು ಮಿಕ್ಸಿ ಸದ್ದಿಗೂ ಮೆಟ್ಟಿಲು ಹತ್ತಿ ಬರುವ ಜನ.

ಮರದ ಮಾತು ಬೇಡ. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರವಾದರೆ ಚಾಕುವಿಗೆ ಬೆಣ್ಣೆ. ನನಗೆ ಸಿಕ್ಕಿದ್ದು ಪಾರ್ಸೆಲ್ ಬಂದ ಪೈನ್ ಹಲಗೆ. ಒಂದು ಪಟ್ಟೆ ಮೆತ್ತಗೆ, ಪಕ್ಕದ್ದು ಗಟ್ಟಿ. ಓಡುತ್ತಿದ್ದ ಚಾಕು ಗಕ್ಕನೆ ನಿಲ್ಲುತ್ತದೆ, ಕುರ್ಲಾ ದಾಟಿದ ಲೋಕಲ್ಲು ಸುಮ್ನೆ ನಿಂತ ಹಾಗೆ.

ಹೂವು ಹೇಗೋ ಆಯಿತು. ಗೋಳು ಅಕ್ಷರದ್ದು. ಅತ್ತೆಯ ಹೆಸರು ಲಕ್ಷ್ಮಿ. ಕನ್ನಡದ ಅಕ್ಷರ ನೋಡಲು ದುಂಡಗೆ, ಮುದ್ದಾಗಿದೆ, ಒಪ್ಪಿದೆ. ಕೆತ್ತಲು ಕೂತರೆ ಅರ್ಧ ದಾರಿ ಮರದ ಎಳೆಯ ಜೊತೆ, ಇನ್ನರ್ಧ ಅದಕ್ಕೆ ಎದುರು. ಎದುರಾದಲ್ಲಿ ಸೀಳುತ್ತದೆ. ಹಲಗೆ ತಿರುಗಿಸಿ ಇನ್ನೊಂದು ತುದಿಯಿಂದ ಬರಬೇಕು. 'ಲ' ಒಂದಕ್ಕೇ ಆರು ಸಲ ತಿರುಗಿಸಿದೆ. ಆಮೇಲೆ 'ಕ್ಷ್ಮಿ'. ಮೇಲೆ ಗುಡಿಸು, ಕೆಳಗೆ ಒತ್ತು, ಆ ಒತ್ತಿಗೆ ಅಂಟಿಕೊಂಡು ಇನ್ನೊಂದು ಒತ್ತು! ಶ್ರವಣಬೆಳಗೊಳದಲ್ಲಿ ಗೊಮ್ಮಟನ ಕಾಲ ಬಳಿ 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂದು ಕೊರೆದವನಿಗೆ ಇಡೀ ಬೆಟ್ಟವೇ ಇತ್ತು. ಅದನ್ನೇ ಮರಾಠಿಯಲ್ಲೂ ಕೊರೆಯುವಷ್ಟು ಜಾಗವಿತ್ತು. ನನಗಿದ್ದದ್ದು ಎರಡಿಂಚು. ಮೊದಲ ಹಲಗೆಯಲ್ಲಿ ಮ-ಒತ್ತು ಹಾರಿಹೋಯಿತು. ಎರಡನೆಯದರಲ್ಲಿ ಎರಡೂ ಒತ್ತು ಸೇರಿ ಒಂದು ಗುಂಡಿಯಾಯಿತು. ಮೂರನೆಯದರಲ್ಲಿ ನನ್ನ ಹೆಬ್ಬೆರಳು ಕುಯ್ದುಹೋಯಿತು. ಬ್ಯಾಂಡೇಜ್ ಸುತ್ತಿದ ಕೈಯಲ್ಲಿ ನಾಲ್ಕನೆಯ ಹಲಗೆಯ ಮುಂದೆ ಕೂತಾಗ ಹಳೆಗನ್ನಡದ ಮೇಲೆ ಎಲ್ಲಿಲ್ಲದ ಭಕ್ತಿ ಉಕ್ಕಿ, 'ಲಕುಮಿ' ಎಂದು ಕೆತ್ತಿ ಮುಗಿಸಿದೆ. ಒತ್ತಿಲ್ಲ, ತಂಟೆಯಿಲ್ಲ.

"ಹೇಳಿ, ಲೇಸರಾ?" ನೆಂಟರು ಬಿಡಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆ ಹೇಳಿದರು: "ಅಲ್ಲಪ್ಪಾ, ನಮ್ಮಣ್ಣನ ಮಗ ಮಾಡಿದ್ದು. ಅದಕ್ಕೇ ನನ್ನ ಹೆಸರು ತಪ್ಪಿದೆ ನೋಡಿ."

ನೆಂಟರು ಮುಚ್ಚಳ ತೆಗೆಯಲು ನೋಡಿದರು. ಜುಲೈ ಮಳೆ. ಮರ ಉಬ್ಬಿಕೊಂಡಿತ್ತು. ಬರಲಿಲ್ಲ.