ಉಪ್ಪಿನಕಾಯಿಗೆ ಆಶ್‌ಬರ್ನ್‌ನಿಂದ ಬಂದ ಗಿರಾಕಿಗಳು

ಸಾಗರದ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಹೋದ ವರ್ಷ ಒಂದು ವೆಬ್‌ಸೈಟ್ ಮಾಡಿಸಿದರು. ಮಾಡಿಕೊಟ್ಟ ಹುಡುಗ ಇನ್ನೊಬ್ಬನನ್ನು ತಗುಲಿಹಾಕಿದ. ಅವನ ಪ್ಯಾಕೇಜು ಹೀಗಿತ್ತು: 4,000 ರೂಪಾಯಿ ಕೊಟ್ಟರೆ ತಿಂಗಳಿಗೆ 20,000 ವಿಸಿಟರ್ಸ್. ಗ್ಯಾರಂಟಿ.

ಗ್ಯಾರಂಟಿ ಅಂದಾಗಲೇ ಅನುಮಾನ ಬರಬೇಕಿತ್ತು. ಇವತ್ತು ಇಷ್ಟೇ ಗಿರಾಕಿ ಬರುತ್ತಾರೆ ಅಂತ ಸಾಗರ ಪೇಟೆಯ ಯಾವ ಅಂಗಡಿಯವರಾದರೂ ಹೇಳುತ್ತಾರಾ?

ಹೇಳಿದಷ್ಟು ಜನ ಬಂದರು, ಅದು ನಿಜ. ಆರ್ಡರ್ ಮಾತ್ರ ಒಂದೂ ಇಲ್ಲ. ನಾನು ಊರಿಗೆ ಹೋದಾಗ ಅತ್ತಿಗೆ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. ಸೈಟಿಗೆ ಬಂದವರ ಊರುಗಳ ಪಟ್ಟಿಯಲ್ಲಿ ಶಿವಮೊಗ್ಗ, ಬೆಂಗಳೂರು ಎಲ್ಲ ಎಲ್ಲೋ ಕೆಳಗಿದ್ದವು. ಎಲ್ಲಕ್ಕಿಂತ ಮೇಲೆ ಆಶ್‌ಬರ್ನ್. "ಇದು ಯಾವ ಊರು? ನಮ್ಮ ಕಡೆಯವರು ಅಲ್ಲಿ ಜಾಸ್ತಿ ಇದ್ದಾರಾ?" ಅಂತ ಕೇಳಿದರು. ಅಮೆರಿಕಕ್ಕೆ ಪಾರ್ಸೆಲ್ ಕಳಿಸಲು ಎಷ್ಟಾಗುತ್ತದೆ ಅಂತ ಆಗಲೇ ಕೊರಿಯರ್‌ನವರ ಹತ್ತಿರ ವಿಚಾರಿಸಿಯೂ ಇದ್ದರು, ಪಾಪ.

ಆಶ್‌ಬರ್ನ್ ಇರುವುದು ವರ್ಜೀನಿಯಾದಲ್ಲಿ. ಡೇಟಾ ಸೆಂಟರ್‌ಗಳಿಗೆ, ಅಂದರೆ ಸರ್ವರ್ ಅನ್ನುವ ದೊಡ್ಡ ಕಂಪ್ಯೂಟರ್‌ಗಳೇ ತುಂಬಿರುವ ಕಟ್ಟಡಗಳಿಗೆ ಹೆಸರಾದ ಊರು. ಅಲ್ಲಿಂದ ಬಂದ ಒಬ್ಬೊಬ್ಬ 'ಗಿರಾಕಿ'ಯೂ ನಮ್ಮ ಪೇಜಿನಲ್ಲಿ ಇದ್ದದ್ದು ಒಂದೇ ಸೆಕೆಂಡು. ಅಷ್ಟರಲ್ಲಿ ಬಾಟಲಿಯ ಫೋಟೋ ಕೂಡ ಪೂರ್ತಿ ತೆರೆದುಕೊಳ್ಳುವುದಿಲ್ಲ. ಬಂದದ್ದು ಯಾವುದೋ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ.

ಇದು ಚಿಲ್ಲರೆ ಕಳ್ಳತನ. ಪಳಗಿದ ಕಳ್ಳರು ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಅಲೆಕ್ಸಾಂಡರ್ ಝುಕೋವ್ ಅಂತ ಒಬ್ಬ ರಷ್ಯಾದವನು. ಅವನ ಗುಂಪು ಅಮೆರಿಕದ ಡಲ್ಲಾಸ್ ಮುಂತಾದ ಕಡೆ 1,900ಕ್ಕೂ ಜಾಸ್ತಿ ಸರ್ವರ್ ಬಾಡಿಗೆಗೆ ಹಿಡಿದಿತ್ತು. 6.5 ಲಕ್ಷ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಕಂಪ್ಯೂಟರ್ ಗುರುತಿಸುವ ನಂಬರು) ತೆಗೆದುಕೊಂಡು, ಅವೆಲ್ಲ ಯಾರದ್ದೋ ಮನೆಯ ಇಂಟರ್ನೆಟ್ ಅನ್ನುವ ಹಾಗೆ ಸುಳ್ಳು ನೋಂದಣಿ ಮಾಡಿಸಿತು. ಆ ಪ್ರೋಗ್ರಾಂಗಳು ಮೌಸ್ ಅಲ್ಲಾಡಿಸುತ್ತಿದ್ದವು, ಪೇಜ್ ಕೆಳಗೆ ಎಳೆಯುತ್ತಿದ್ದವು, ಬೇಜಾರಾದವರ ಹಾಗೆ ವಿಡಿಯೋ ಮಧ್ಯದಲ್ಲೇ ನಿಲ್ಲಿಸುತ್ತಿದ್ದವು! ದೊಡ್ಡ ದೊಡ್ಡ ಸೈಟುಗಳ ಹೆಸರಿನಲ್ಲಿ ಖಾಲಿ ಪೇಜು, ಅದರ ಮೇಲೆ ಜಾಹೀರಾತು, ನೋಡಲು ಈ ಪ್ರೋಗ್ರಾಂಗಳು. ಜಾಹೀರಾತು ಕೊಟ್ಟ ಕಂಪನಿಗಳು 70 ಲಕ್ಷ ಡಾಲರ್‌ಗೂ ಮೇಲೆ ಕಳೆದುಕೊಂಡವು. ಈ ದಂಧೆಗೆ ಮೆಥ್‌ಬಾಟ್ ಅಂತ ಹೆಸರು. 2021ರಲ್ಲಿ ನ್ಯೂಯಾರ್ಕಿನ ಕೋರ್ಟು ಝುಕೋವ್‌ಗೆ 10 ವರ್ಷ ಜೈಲು ಹಾಕಿತು.

ಊಬರ್ ಕಥೆ ಇನ್ನೂ ಮಜವಾಗಿದೆ. ವರ್ಷಕ್ಕೆ 15 ಕೋಟಿ ಡಾಲರ್ ಆ್ಯಪ್ ಜಾಹೀರಾತಿಗೆ ಸುರಿಯುತ್ತಿದ್ದರಂತೆ. ಅದರಲ್ಲಿ 10 ಕೋಟಿಯಷ್ಟು ನಿಲ್ಲಿಸಿದರೂ ಆ್ಯಪ್ ಹಾಕಿಕೊಳ್ಳುವವರ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಇತ್ತು ಅಂತ ಅಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದವರೇ ಆಮೇಲೆ ಹೇಳಿದರು. ತಾನಾಗಿಯೇ ಬರುತ್ತಿದ್ದವರನ್ನೂ ಜಾಹೀರಾತಿನವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ಬಸ್ಸಿನಲ್ಲಿ ಆಗಲೇ ಹತ್ತಿ ಕೂತವರ ತಲೆ ಎಣಿಸಿ, 'ಇವರನ್ನೆಲ್ಲ ನಾನೇ ಕರೆತಂದೆ' ಅಂತ ಕಂಡಕ್ಟರ್ ಹತ್ತಿರ ಕಮಿಷನ್ ಕೇಳಿದ ಹಾಗೆ.

ನನಗೆ ಕಳ್ಳರಿಗಿಂತ, ಜಾಹೀರಾತು ಕೊಡುವವರಿಗೂ ತೋರಿಸುವ ಸೈಟಿಗೂ ನಡುವೆ ಕೂತ ದಲ್ಲಾಳಿಗಳ ಮೇಲೆ ಸಿಟ್ಟು ಜಾಸ್ತಿ. ಎಣಿಕೆ ಏರಿದಷ್ಟೂ ಎಲ್ಲರಿಗೂ ಕಾಸು. ಹಾಗಿರುವಾಗ ಬಂದದ್ದು ಮನುಷ್ಯರಾ ಅಂತ ಯಾರು ನೋಡುತ್ತಾರೆ? ನೋಡಬೇಕಾದವರು ದುಡ್ಡು ಕೊಟ್ಟವರು ಮಾತ್ರ, ಅವರಿಗೆ ಗ್ರಾಫ್ ಓದಲು ಬರುವುದಿಲ್ಲ.

ಸರಿಯಾದ ಜಾಹೀರಾತು ಕೊಟ್ಟರೂ ಸೆಟ್ಟಿಂಗ್ ನೋಡಿಕೊಳ್ಳಿ. ಜಾಹೀರಾತು ಆ್ಯಪ್‌ಗಳ ಒಳಗೂ ಬರುವ ಹಾಗಿದ್ದರೆ, ಮಕ್ಕಳು ಗೇಮ್ ಆಡುತ್ತಾ ಕೈತಪ್ಪಿ ಒತ್ತಿದ್ದಕ್ಕೂ ನಿಮ್ಮ ದುಡ್ಡೇ ಹೋಗುತ್ತದೆ. ಸ್ವಂತ ಸೈಟಿನಲ್ಲಿ ಗೂಗಲ್ ಜಾಹೀರಾತು ಹಾಕಿಕೊಂಡವರಂತೂ ಇಂಥ ವಿಸಿಟರ್ಸ್ ಕೊಳ್ಳಲೇಬೇಡಿ. ಅಕೌಂಟೇ ಬಂದ್ ಆಗಬಹುದು.

ಅತ್ತಿಗೆ ಈಗ ಬಾಟಲಿ ಕಳಿಸುವ ಡಬ್ಬದಲ್ಲಿ ವಾಟ್ಸಾಪ್ ನಂಬರಿನ ಚೀಟಿ ಇಡುತ್ತಾರೆ. ಮೊನ್ನೆ ಆ ಪ್ಯಾಕೇಜಿನವನು ಮತ್ತೆ ಫೋನ್ ಮಾಡಿದ್ದ. "ಮೇಡಂ, ಈ ಸಲ ಒಂದು ಲಕ್ಷ ವಿಸಿಟರ್ಸ್."

"ಅಷ್ಟು ಜನರಲ್ಲಿ ಒಬ್ಬರಿಗೆ ಫೋನ್ ಕೊಡಪ್ಪ, ಮಾತಾಡ್ತೀನಿ" ಅಂದರಂತೆ ಅತ್ತಿಗೆ.